ಒಂಬತ್ತು ವ್ಯಾಟಿನ ಸಾಕ್ಷಿ

ಒಂದೇ ವಾರದಲ್ಲಿ ಮೂರು ಕೋಟು ವಾಪಸು ಬಂದವು. ಹರಿದದ್ದೇ ತಿಳಿಯದಂತೆ ಎಳೆಗೆ ಎಳೆ ಕೂಡಿಸುವ ರಫೂ ಕೆಲಸದಲ್ಲಿ ಇಪ್ಪತ್ತಾರು ವರ್ಷ ಸವೆಸಿದ ಹೆಂಗಸಿಗೆ ಅದು ಕಪಾಳಕ್ಕೆ ಬಿದ್ದ ಏಟು. ಅವುಗಳಲ್ಲೊಂದಾದ ಕಡುಗೆಂಪು ಕೋಟಿನ ಮೇಲೆ ಅವಳು ಹೆಣೆದ ದಾರ ಕಂದು ಕಲೆಯಂತೆ ಎದ್ದು ಕಾಣುತ್ತಿತ್ತು.

ಹೆಂಗಸರಿಗೆ ಬಟ್ಟೆ ಕೊಟ್ಟು ಮನೆಯಲ್ಲೇ ರಫೂ ಮಾಡಿಸುವ ಕಂಪನಿಯ ತಪಾಸಣೆಗಾರ ಕೊರಳಲ್ಲಿ ಸದಾ ಮಸೂರ ನೇತುಹಾಕಿಕೊಳ್ಳುತ್ತಿದ್ದ. ಆ ಹೆಂಗಸರ ಬಾಯಲ್ಲಿ ಅವನು ಭೂತಗನ್ನಡಿ. ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳಿದ: "ನಿಮ್ಮ ಕಣ್ಣು ಮುಗೀತಕ್ಕ. ಶನಿವಾರ ಬಂದು ಲೆಕ್ಕ ಮುಗಿಸಿಕೊಂಡು ಹೋಗಿ."

ಇಪ್ಪತ್ತಾರು ವರ್ಷದ ಕೆಲಸ, ಎರಡು ಮಾತಿನಲ್ಲಿ ಮುಗಿಯಿತು.

ಅವಳು ಕೋಟನ್ನು ಮನೆಗೆ ತಂದು, ದಿನವಿಡೀ ತಾನು ಕೂತು ಹೆಣೆಯುವ ಕಿಟಕಿಯಿಲ್ಲದ ಮೂಲೆಯಲ್ಲಿ, ಬಲ್ಬಿನಡಿ ಹರಡಿದಳು. ದಾರವೂ ಬಟ್ಟೆಯೂ ಒಂದೇ ಬಣ್ಣ. ಬೀದಿಗೆ ಬಂದು ಬಿಸಿಲಿಗೆ ಹಿಡಿದಳು. ಕಂದು ಕಲೆ ಹಾಜರು. ಮತ್ತೆ ಒಳಗೆ, ಮತ್ತೆ ಹೊರಗೆ.

"ಏನೇ ಇದು, ಕೋಟಿಗೆ ನಡೆಯೋದು ಕಲಿಸ್ತಿದ್ದೀಯಾ?" ಎಂದರು ಅತ್ತೆ.

"ನನ್ನ ಕಣ್ಣು ನೆಟ್ಟಗಿದೆ ಅತ್ತೆ. ಸುಳ್ಳು ಹೇಳ್ತಿರೋದು ಈ ಬಲ್ಬು."

ಕರೆಂಟು ಉಳಿಯಲೆಂದು ಹೋದ ತಿಂಗಳು ಗಂಡ ರಸ್ತೆಬದಿಯ ಅಗ್ಗದ ಮಾಲಿನ ಗುಡ್ಡೆಯಿಂದ ಕೊಂಡು ತಂದಿದ್ದ ಎಲ್‌ಇಡಿ ಅದು. ಅವನ ಮುಖ ಸಣ್ಣಗಾಯಿತು. "ಹಂಗಾದ್ರೆ ಹಳೇ ಅರವತ್ತು ವ್ಯಾಟಿನ ಗುಂಡು ಬಲ್ಬೇ ಹಾಕೋಣ ಬಿಡು."

"ಅದರಡಿ ಹತ್ತು ಗಂಟೆ ನೀವು ಕೂತು ನೋಡಿ. ನೆತ್ತಿ ಬೇಯುತ್ತೆ, ಕರೆಂಟು ನುಂಗುತ್ತೆ. ನಂಗೆ ಕರೆಂಟೂ ಉಳೀಬೇಕು, ಬಣ್ಣವೂ ನಿಜ ಕಾಣ್ಬೇಕು. ನಮ್ಮಂಥೋರ ಮನೆಗೆ ಎರಡರಲ್ಲಿ ಒಂದೇ ಸಾಕು ಅಂತ ಯಾರು ಬರೆದಿಟ್ಟಿದ್ದಾರೆ?"

ಮಾರನೆಯ ದಿನ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಕೋಟಿನ ಒಳಮಡಿಕೆಯಿಂದ ತೆಗೆದ ಚೂರನ್ನೂ ಎರಡು ದಾರಗಳನ್ನೂ ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. ಒಂದು ಕಡುಗೆಂಪು, ಇನ್ನೊಂದು ಕಂದು. "ಇವೆರಡೂ ಬೇರೆ ಬೇರೆ ಕಾಣೋ ಬಲ್ಬು ಕೊಡಿ. ವ್ಯಾಟು ಮಾತ್ರ ಕಮ್ಮಿ ಇರ್ಬೇಕು."

ಅಂಗಡಿಯವನು ಒಂದೊಂದಾಗಿ ಹೊತ್ತಿಸಿದ. ಅವಳು ಬೇಡವೆಂದು ತಲೆ ಆಡಿಸುತ್ತಲೇ ಹೋದಳು. ಆರನೆಯದಕ್ಕೆ ಅವನು ಬೆವರು ಒರೆಸಿಕೊಂಡ. "ಅಕ್ಕ, ಬಲ್ಬು ಆರಿಸ್ತಿದ್ದೀರೋ, ಅಳಿಯನ್ನೋ?"

"ಅಳಿಯ ಸುಳ್ಳು ಹೇಳಿದ್ರೆ ಮಗಳು ನೋಡ್ಕೋತಾಳೆ. ಬಲ್ಬು ಸುಳ್ಳು ಹೇಳಿದ್ರೆ ನನ್ನ ಕೆಲಸ ಹೋಗುತ್ತೆ. ಇನ್ನೊಂದು ಹಚ್ಚಿ."

ಏಳನೆಯದರಲ್ಲಿ ದಾರಗಳು ಬೇರ್ಪಟ್ಟವು. ಕೆಂಪು ಕೆಂಪಾಗಿ ನಿಂತಿತು, ಕಂದು ಕಂದಾಗಿ. ಅಂಗಡಿಯವನು ಡಬ್ಬಿ ತಿರುಗಿಸಿ ಮೂಲೆಯಲ್ಲಿದ್ದ ಸಣ್ಣ ಅಂಕೆ ತೋರಿಸಿದ. "ಬಿಸಿಲಲ್ಲಿ ಕಂಡ ಹಾಗೆ ಬಣ್ಣ ಕಾಣುತ್ತಾ ಅಂತ ಹೇಳೋ ಅಂಕೆ ಇದು. ನೂರಕ್ಕೆ ತೊಂಬತ್ತೈದು. ವ್ಯಾಟು ಒಂಬತ್ತೇ. ಈ ಅಂಕೆ ಯಾರೂ ಕೇಳೋದೇ ಇಲ್ಲ ನೋಡಿ."

"ನೀವ್ಯಾರೂ ಹೇಳೋದೂ ಇಲ್ಲ," ಎಂದಳು.

ಶನಿವಾರ ಬೆಳಿಗ್ಗೆ ಅವಳು ಕಂಪನಿಗೆ ಹೋದಾಗ, ಹೆಣೆದ ಬಟ್ಟೆ ಒಪ್ಪಿಸಲು ಬಂದ ಎಂಟು ಹೆಂಗಸರು ಸಾಲಾಗಿ ನಿಂತಿದ್ದರು. ಅವಳು ಕಿಟಕಿಯ ಪರದೆ ಎಳೆದು ಮುಚ್ಚಿದಳು. ಭೂತಗನ್ನಡಿಯ ಮೇಜಿನ ದೀಪದಿಂದ ಬಲ್ಬು ಬಿಚ್ಚಿ, ಮನೆಯಿಂದ ತಂದ ಸುಳ್ಳುಬುರುಕ ಬಲ್ಬನ್ನು ಸಿಕ್ಕಿಸಿದಳು. ಕೋಟಿನ ಚೂರು, ಪಕ್ಕದಲ್ಲಿ ಹತ್ತು ದಾರದ ಉಂಡೆ.

"ಸರಿಯಾದ ದಾರ ಆರಿಸಿ ಸಾರ್."

"ನನಗೇ ಪರೀಕ್ಷೆನಾ?"

"ಕಣ್ಣು ನಿಮ್ಮದೂ ಕಣ್ಣೇ ಅಲ್ವಾ? ಬೇಕಾದ್ರೆ ಮಸೂರ ಹಾಕ್ಕೊಳ್ಳಿ."

ಅವನು ಮಸೂರ ಹಾಕಿಕೊಂಡೇ ಆರಿಸಿದ. ಅವಳು ಪರದೆ ಸರಿಸಿದಳು. ಅವನ ಕೈಯಲ್ಲಿದ್ದುದು ಕಂದು ದಾರ. ಇನ್ನೊಮ್ಮೆ ನೋಡ್ತೀನಿ ಎಂದ. ಪರದೆ ಮುಚ್ಚಿತು, ತೆರೆಯಿತು, ಮತ್ತೆ ಕಂದು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ನಗು ಕೋಣೆಯಿಡೀ ಹಬ್ಬಿತು.

ಅವಳು ಮತ್ತೆ ಪರದೆ ಎಳೆದು ಹೊಸ ಬಲ್ಬು ಹಾಕಿ, ಉಂಡೆಗಳನ್ನು ಕಲಸಿ, ಒಂದೇ ನೋಟಕ್ಕೆ ಕಡುಗೆಂಪನ್ನು ಎತ್ತಿ ಹಿಡಿದಳು. ಈ ಸಲ ಪರದೆ ತೆರೆದವರು ಆ ಹೆಂಗಸರೇ. ಬಿಸಿಲಿನಲ್ಲಿ ದಾರ ಬಟ್ಟೆಯೊಳಗೆ ಕರಗಿಹೋಯಿತು.

ನಗು ಅಲ್ಲಿಗೇ ನಿಂತಿತು. ಸಾಲಿನ ಕೊನೆಯವಳು ಮುಂದೆ ಬಂದಳು. "ನಮ್ಮಕ್ಕನ್ನೂ ಹೋದ ವರ್ಷ ಕಣ್ಣು ಹೋಯ್ತು ಅಂತಲೇ ಕಳಿಸಿದ್ರಿ. ಅವಳ ಮನೆ ಬಲ್ಬು ಯಾರು ನೋಡಿದ್ರಿ?"

ಯಾರೂ ನೋಡಿರಲಿಲ್ಲ. ದುಡಿಯುವವರ ಕಣ್ಣನ್ನು ಅಳೆಯುವುದು ಸುಲಭ. ದುಡಿಯುವ ಜಾಗದ ಬೆಳಕನ್ನು ಅಳೆದರೆ ಕಂಪನಿಯ ಕೈಯಿಂದ ಖರ್ಚಾಗುತ್ತದೆ. ಒಬ್ಬಳು ತನ್ನ ಗಂಟನ್ನು ನೆಲಕ್ಕಿಟ್ಟಳು. ಉಳಿದವರೂ ಇಟ್ಟರು. ಒಪ್ಪಿಸಬೇಕಾದ ಬಟ್ಟೆ ಒಂದೂ ಮೇಜಿಗೆ ಬರಲಿಲ್ಲ. ಗದ್ದಲ ಕೇಳಿ ಒಳಗಿನಿಂದ ಬಂದ ಮಾಲೀಕ ಗಂಟುಗಳನ್ನು ನೋಡಿದ, ಹೆಂಗಸರನ್ನು ನೋಡಿದ. ಆಮೇಲೆ ಧ್ವನಿ ತಗ್ಗಿಸಿದ.

"ಆಯ್ತು ತಾಯಿ. ಕೆಲಸ ನಿಮ್ಮದೇ. ಎಲ್ಲರ ಮನೆಗೂ ಈ ಬಲ್ಬು ಕಂಪನಿಯಿಂದಲೇ ಕೊಡಿಸ್ತೀನಿ."

"ಬಾಯಲ್ಲಿ ಬೇಡ ಸಾರ್, ಬರೆದು ಕೊಡಿ. ಇವಳಕ್ಕನ್ನ ವಾಪಸು ಕರೆಸ್ಕೊಳ್ಳೋದೂ ಅದರಲ್ಲೇ ಬರಲಿ."

ಮಾಲೀಕ ಭೂತಗನ್ನಡಿಯತ್ತ ನೋಡಿ, ಬರೆದುಕೊಡು ಎಂಬಂತೆ ತಲೆಯಾಡಿಸಿದ. ಭೂತಗನ್ನಡಿ ಕಾಗದ ಎಳೆದುಕೊಂಡ. ಒಂಬತ್ತು ಹೆಂಗಸರು ಮೇಜಿನ ಸುತ್ತ ನಿಂತು ಒಂದೊಂದೇ ಸಾಲು ಹೇಳಿ ಬರೆಸಿದರು. ಅವನ ಪೆನ್ನು ತಡವರಿಸುತ್ತಿತ್ತು.

"ನಿಧಾನಕ್ಕೆ ಬರೀರಿ," ಎಂದು ಅವಳು ದೀಪವನ್ನು ಅವನ ಕಾಗದದ ಕಡೆ ತಿರುಗಿಸಿದಳು. "ಒಂದಕ್ಷರಾನೂ ತಪ್ಪಬಾರದು."