ಐವತ್ತನೆಯ ನಿಂಬೆಹಣ್ಣು

ಹಳದಿ, ಅಗೋ ಹಳದಿ — ಅಲ್ಲ, ಅದು ಯಾವುದೋ ಹಣ್ಣೆಲೆ, ತೊಗರಿಯ ಸಾಲಿನಲ್ಲಿ ಸುಮ್ಮನೆ ಬಿದ್ದುಕೊಂಡಿದೆ, ನಿಂಬೆಹಣ್ಣು ಇನ್ನೂ ಎಡಕ್ಕಿರಬೇಕು, ಮೋಡದ ಸಂದಿಯಿಂದ ಬಿಸಿಲು ಇಣುಕಿ ಒಂದು ಗಳಿಗೆ ಕಣ್ಣು ಕುಕ್ಕಿತು ನೋಡು, ಅಷ್ಟರಲ್ಲಿ ತಪ್ಪಿಸಿಕೊಂಡಿತು ಕಳ್ಳ, ದಪ್ ಎಂದ ಸದ್ದು ಬಂದದ್ದು ಬದುವಿನ ಈಚೆ, ಹೌದು, ಇಲ್ಲೇ ಇದೆ, ಎರೆಮಣ್ಣಿನಲ್ಲಿ ಅರ್ಧ ಹೂತು ಕೂತಿದೆ. ಕೈ ಎತ್ತಿದೆ. ಕೈ ಎತ್ತಿ ನಿಲ್ಲುವುದಷ್ಟೇ ನನ್ನ ಕೆಲಸ, ಮುಟ್ಟುವಂತಿಲ್ಲ, ಕಾಲಿನಿಂದ ಸರಿಸುವಂತಿಲ್ಲ, ಹಿಂದಿನವರು ಬಂದು ನೋಡುವ ತನಕ ಗೂಟದ ಹಾಗೆ ನಿಲ್ಲಬೇಕು, ಆಮೇಲೆ ಅಣ್ಣ ಅಮೋಘಸಿದ್ದ ಅದೇ ಜಾಗದಿಂದ ಮತ್ತೆ ಒಗೆಯುತ್ತಾನೆ, ನಾನು ಮತ್ತೆ ಮುಂದೆ ಓಡುತ್ತೇನೆ — ಕರಜಗಿ ದಾರಿಯ ಬನ್ನಿಗಿಡದಿಂದ ಹಿಡಿದು ನಮ್ಮ ಮಣ್ಣೂರಿನ ಭೀಮಾ ಹೊಳೆಯ ನೀರಿನ ತನಕ, ಐವತ್ತು ಎಸೆತದಲ್ಲಿ. ಪಂಚಮಿಗೆ ಪ್ರತಿ ವರ್ಷ ಯಾರಾದರೂ ಹೀಗೆ ನಿಂಬೆಹಣ್ಣು ಒಗೆಯುವವರೇ, ಗೆದ್ದವರಿಗೆ ಒಂದು ಕೊಬ್ಬರಿ ಬಟ್ಟಲು, ಸೋತವರಿಗೆ ಊರ ನಗೆ, ಅಷ್ಟೇ; ಈ ವರ್ಷ ಮಾತ್ರ ಒಗೆಯುವವನು ಅಣ್ಣ, ಎದುರಾಳಿ ಅಪ್ಪ, ಪಣಕ್ಕೆ ಇಟ್ಟಿರುವುದು ನನ್ನನ್ನು. ಹಣ್ಣು ನೀರು ಮುಟ್ಟಿದರೆ ನಾನು ಕಲಬುರ್ಗಿಗೆ, ನನ್ನ ಕಾಲೇಜಿಗೆ ವಾಪಸು. ಮುಟ್ಟದಿದ್ದರೆ ನಾಳೆಯಿಂದ ಅಣ್ಣನ ಜೊತೆ ಎಡೆಕುಂಟೆ ಹೊಡೆದು ಕಳೆ ತೆಗೆಯಲು ಹೊಲಕ್ಕೆ.

ಅಪ್ಪನದೇನೂ ತಪ್ಪಿಲ್ಲ ಬಿಡು, ಗಣಿತದಲ್ಲಿ ಬಿದ್ದವನು ನಾನು, ಬಿದ್ದದ್ದು ಯಾಕೆ ಎಂದು ಕೇಳಿದಾಗ ಪರೀಕ್ಷೆಯ ಹಿಂದಿನ ದಿನ ಮೈದಾನದಲ್ಲಿ ಹಾಕಿ ಪಂದ್ಯ ಇತ್ತು ಎಂದು ಬಾಯಿ ತಪ್ಪಿ ಹೇಳಿದವನೂ ನಾನೇ, ಅಪ್ಪ ಜೋಳದ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನೋಡಿದ, ನೀ ಆಡ್ತೀಯೇನು, ಇಲ್ಲಪ್ಪಾ, ಮತ್ತ, ನೋಡ್ತೇನಿ. ಆಟ ನೋಡಾಕ ಕಾಲೇಜ ಯಾಕ ಬೇಕೋ, ಇಲ್ಲಿ ದನಾ ಕಾಯಾವರು ಚಿಣಿಪಣಿ ಆಡ್ತಾರ, ಬದುವಿನ ಮ್ಯಾಲ ಕುಂತು ನೋಡು. ಅವ್ವ ಬಾಳಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಅಣ್ಣ ನಗಲಿಲ್ಲ, ಅಣ್ಣನಿಗೆ ಶಾಲೆಯ ಕಟ್ಟೆ ಹತ್ತಲು ಆಗಲಿಲ್ಲ, ಮನೆಗೆ ಒಬ್ಬನಾದರೂ ಕುಂಟೆ ಹಿಡಿಯಬೇಕಲ್ಲ, ಅವನು ಕೈ ತೊಳೆದುಕೊಂಡು ಬಂದು ನೆಟ್ಟಗೆ ಹೇಳಿದ, ಅಪ್ಪಾ, ಪಂಚಮಿಗೆ ನಾ ನಿಂಬಿಹಣ್ಣ ಒಗೀತೇನಿ, ಹೊಳಿಗೆ ಮುಟ್ಟಿತಂದ್ರ ಇಂವ ಹೋಗಬೇಕು. ಪಂದ್ಯ ಎಂದರೆ ಅಪ್ಪ ಹಣಮಂತ್ರಾಯ ಹಿಂದೆ ಸರಿಯುವ ಪೈಕಿ ಅಲ್ಲ, ಮೀಸೆ ತಿರುವಿದ, ಐವತ್ತು ಒಗೆತ, ಒಂದೂ ಹೆಚ್ಚಿಗಿಲ್ಲ, ಅಂದ, ಆಮೇಲೆ ನನ್ನತ್ತ ಗದ್ದ ತೋರಿಸಿ, ನೋಡೂದೊಂದು ಕಲ್ತಾನಲ್ಲ, ಹಣ್ಣ ಎಲ್ಲಿ ಬಿತ್ತಂತ ಅಂವನೇ ನೋಡ್ಲಿ. ಹಾಗೆ ನನ್ನ ಹಣೆಬರಹಕ್ಕೆ ನಾನೇ ಕಾವಲುಗಾರ.

ನನಗೆ ಆಡಲು ಬರುವುದಿಲ್ಲ, ಇದನ್ನು ಅಳುತ್ತ ಹೇಳುತ್ತಿಲ್ಲ, ಸ್ಟಿಕ್ ಹಿಡಿದರೆ ಚೆಂಡಿಗಿಂತ ಮೊದಲು ನನ್ನ ಮೊಳಕಾಲಿಗೆ ಬಡಿಯುತ್ತೇನೆ, ಫುಟ್‌ಬಾಲು ಬಂದರೆ ಕಣ್ಣು ಮುಚ್ಚುತ್ತೇನೆ, ಆದರೆ ಹೊರಗೆ ನಿಂತರೆ ಚೆಂಡು ನನ್ನ ಕಣ್ಣಿಂದ ತಪ್ಪಿಸಿಕೊಂಡದ್ದಿಲ್ಲ. ಕ್ಲಾಸಿನಲ್ಲಿ ಉರ್ದು ಪಾಠ ಕಿವಿಯ ಪಕ್ಕದಿಂದ ಹಾದುಹೋಗುತ್ತದೆ, ಸಂಜೆ ಮೈದಾನದ ಕೆಂಪು ಧೂಳು ಏಳುವುದನ್ನು ಕಂಡರೆ ಮೈಯಲ್ಲಿ ಜೀವ ಬರುತ್ತದೆ, ಜರ್ಮನಿಯ ಲಡಾಯಿ ಸುರುವಾದ ಮೇಲೆ ಚೆಂಡಿನ ಬ್ಲಾಡರು ಸಿಗುವುದಿಲ್ಲ, ಚಿಂದಿ ತುಂಬಿದ ಚೆಂಡು ಒದ್ದರೂ ಸೈ, ನಾನು ಅಲ್ಲಿರಬೇಕು. ಅರ್ಧ ಆಟಕ್ಕೆ ಆಟಗಾರರಿಗೆ ನಿಂಬೆಹಣ್ಣು ಹೆಚ್ಚಿ ಉಪ್ಪು ಸವರಿ ಕೊಡುವವನು ನಾನೇ, ಬಸವಂತರಾಯ, ಬಸ್ಯಾ, ನಿಂಬೆಕಾಯಿ ಬಸ್ಯಾ ಎಂದೂ ಕರೆಯುತ್ತಾರೆ, ಕರೆಯಲಿ. ಆಟ ನೋಡಿ ನೋಡಿ ಕಣ್ಣು ಕೆಟ್ಟಿದೆಯೋ ಸುಧಾರಿಸಿದೆಯೋ, ಈಗ ಎಲ್ಲದರಲ್ಲೂ ಅದೇ ಕಾಣುತ್ತದೆ, ಅವ್ವ ರೊಟ್ಟಿ ಬಡಿಯುವಾಗ ಒಂದು ಕೈ ಬಡಿಯುವುದು, ಇನ್ನೊಂದು ತಿರುಗಿಸುವುದು, ಯಾವುದು ಮುಂದು ಯಾವುದು ಹಿಂದು ಎಂದು ಒಮ್ಮೆಯೂ ಗೊಂದಲ ಇಲ್ಲ, ಸಕ್ಕುಬಾಯಿ ಅತ್ತೆ ಹೊಳೆಯಿಂದ ತಲೆಯ ಮೇಲೆ ಎರಡು ಕೊಡ ಹೊತ್ತು ಜಾರುವ ದಿಬ್ಬ ಏರುವಾಗ ಸೊಂಟ ಎಲ್ಲಿ ನಿಲ್ಲುತ್ತದೆ, ಹೆಜ್ಜೆ ಎಲ್ಲಿ ಬೀಳುತ್ತದೆ, ಇದನ್ನೆಲ್ಲ ಯಾರೂ ನೋಡುವುದಿಲ್ಲವೇ, ಯಾರೂ ಚಪ್ಪಾಳೆ ಹೊಡೆಯುವುದಿಲ್ಲವೇ. ಅಪ್ಪನ ನಡಿಗೆಯನ್ನೇ ನೋಡು, ಅಫಜಲಪುರದ ಸಂತೆಗೆ ಹೊರಟರೆ ಬಂಡಿ ಹಿಂದೆ ಉಳಿಯುತ್ತದೆ, ಕಾಲಿಗೆ ಮುಳ್ಳು ನೆಟ್ಟರೂ ನಿಲ್ಲದೆ ಮನೆಗೆ ಬಂದು ಕಟ್ಟೆಯ ಮೇಲೆ ಕೂತು ತೆಗೆಯುವ ಮನುಷ್ಯ. ಈಗಲೂ ನೋಡು, ಎಲ್ಲರಿಗಿಂತ ಮುಂದೆ, ಧೋತರ ಮೊಳಕಾಲಿಗೆ ಏರಿಸಿ, ಅವನ ಹಿಂದೆ ಅಣ್ಣ, ಹೆಗಲು ತಿಕ್ಕುತ್ತ, ಅಣ್ಣನ ಹಿಂದೆ ಲಾಲಸಾಬ ಕಾಕಾ, ದೋಣಿಯ ಲಾಲಸಾಬ, ಇಂದಿನ ಪಂಚರು ಅವರೊಬ್ಬರೇ, ಒಂದೊಂದು ಎಸೆತಕ್ಕೆ ಒಂದೊಂದು ಹುಣಸೆಬೀಜವನ್ನು ಬಲ ಕಿಸೆಯಿಂದ ಎಡ ಕಿಸೆಗೆ ಹಾಕಿಕೊಳ್ಳುತ್ತ ಬರುತ್ತಾರೆ.

ಕಿಸೆಯಲ್ಲಿ ಇನ್ನು ಕೆಲವೇ ಬೀಜ. ಆ ಮೇಕೆಯದು ಒಂದು ಆಗದಿದ್ದರೆ ಇಷ್ಟು ಬಿಗಿ ಆಗುತ್ತಿರಲಿಲ್ಲ, ದರಿದ್ರ ಮೇಕೆ, ಸಜ್ಜೆ ಹೊಲದ ಅಂಚಿಗೆ ಹಣ್ಣು ಚೆಂದ ಬಿದ್ದಿತ್ತು, ನಾನು ಕೈ ಎತ್ತಿ ನಿಂತಿದ್ದೆ, ಎಲ್ಲಿಂದಲೋ ಓಡಿ ಬಂದು ಕಾಲು ಹಾಕಿತು, ಹಣ್ಣು ಉರುಳಿ ಉರುಳಿ ಹಿಂದಿನ ತಗ್ಗಿಗೆ ಇಳಿಯಿತು, ನನ್ನ ಕೈ ಮೇಲೆಯೇ ಉಳಿಯಿತು. ಅಣ್ಣ ಒಪ್ಪಲಿಲ್ಲ, ಕಾಕಾ, ಬಿದ್ದಿದ್ದು ಅಲ್ಲಿರಿ, ಮೇಕಿ ಒದ್ರ ನಾ ಏನ್ ಮಾಡ್ಲಿ, ಲಾಲಸಾಬ ಕಾಕಾ ಗಡ್ಡ ಕೆರೆದುಕೊಂಡು ತಗ್ಗಿಗೆ ಇಳಿದು ನೋಡಿ ಬಂದರು, ಮೊದಲಿಂದ ನಡದಿದ್ದು ಹಂಗ ಅದಪ್ಪಾ, ನಾ ಬಂದು ನೋಡಿದಾಗ ಹಣ್ಣ ಎಲ್ಲಿರ್ತದ ಅದೇ ಜಾಗಾ, ಗಾಳಿ ಸರಿಸ್ಲಿ, ಮೇಕಿ ಸರಿಸ್ಲಿ, ದೇವ್ರು ಸರಿಸ್ಲಿ, ಮನಷ್ಯಾ ಮಾತ್ರ ಮುಟ್ಟಬಾರದು. ಅಪ್ಪ ಹೂಂ ಅಂದ, ರೀತಿ ಅಂದ್ರ ರೀತಿ. ಅಣ್ಣ ತಗ್ಗಿಗೆ ಇಳಿದು ಒಗೆದ, ಆಗಲೇ ಹೆಗಲಲ್ಲಿ ಏನೋ ಹಿಡಿದುಕೊಂಡಿತು, ಮುಖ ಕಿವುಚಿದ್ದನ್ನು ನಾನು ನೋಡಿದೆ, ಬೇರೆ ಯಾರೂ ನೋಡಲಿಲ್ಲ, ನೋಡುವುದು ನನ್ನ ಚಾಳಿ. ಬಿಡೋ ಅಣ್ಣಾ, ಸಾಕು ಅನ್ನಬೇಕಿತ್ತು, ಅನ್ನಲಿಲ್ಲ, ಅನ್ನಲು ಮನಸ್ಸಾಗಲಿಲ್ಲ, ನನಗೆ ಕಾಲೇಜು ಬೇಕು, ಧೂಳು ಬೇಕು, ಸಂಜೆ ಬೇಕು, ಗಣಿತವನ್ನೂ ಈ ಸಲ ಓದುತ್ತೇನೆ, ಆಣೆ.

ಹೊಳೆಯ ವಾಸನೆ ಬಂತು, ಹಸಿ ಕೆಸರಿನದು, ಮೇಲೆ ಪುಣೆಯ ಕಡೆ ಮಳೆ ಹಿಡಿದಿದೆ, ಬೆಳಗ್ಗೆ ಲಾಲಸಾಬ ಕಾಕಾ ದೋಣಿಯನ್ನು ಮೇಲಕ್ಕೆ ಎಳೆದು ಕಟ್ಟಿದರು, ಹೊಳಿ ಏರಾಕತ್ತದ, ಹೊತ್ತು ಮುಳುಗೂದ್ರಾಗ ಅಗಸರ ಬಂಡಿಗಲ್ಲ ಕಾಣೂದಿಲ್ಲ ನೋಡು, ಅಂದಿದ್ದರು, ಈಗ ದಿಬ್ಬದ ಮೇಲಿಂದ ನೋಡಿದರೆ ಆ ಬಟ್ಟೆ ಒಗೆಯುವ ಬಂಡೆಯ ಬೆನ್ನಷ್ಟೇ ಕಾಣುತ್ತಿದೆ, ನೀರು ಕೆಂಪಗೆ, ಸದ್ದಿಲ್ಲದೆ, ದನ ನೆಕ್ಕುವ ಹಾಗೆ ದಂಡೆಯನ್ನು ನೆಕ್ಕುತ್ತಿದೆ. ನಲವತ್ತೊಂಬತ್ತನೆಯದು ದಿಬ್ಬದ ಈ ತಲೆಗೆ ಬಿತ್ತು. ಇಲ್ಲಿಂದ ನೀರಿಗೆ ಒಂದು ಒಳ್ಳೆಯ ಎಸೆತ, ಹೆಗಲು ನೆಟ್ಟಗಿದ್ದ ಅಣ್ಣನ ಎಸೆತ. ಕಾಕಾ ಕಿಸೆಯಿಂದ ಕೊನೆಯ ಬೀಜ ತೆಗೆದು ಎಲ್ಲರಿಗೂ ತೋರಿಸಿದರು, ಅಣ್ಣ ನನ್ನ ಮುಖ ನೋಡಲಿಲ್ಲ, ನಾನು ಇಳಿಜಾರಿನಲ್ಲಿ ಓಡಿ ದಂಡೆಯ ಕೆಸರಿಗೆ ಬಂದು ತಿರುಗಿ ನಿಂತೆ, ಅಣ್ಣ ಎರಡು ಹೆಜ್ಜೆ ಹಿಂದೆ ಹೋದ, ಬಂದ, ಬಿಟ್ಟ — ಅಯ್ಯೋ ಶಿವನೆ, ಎಷ್ಟು ಮೇಲೆ ಹೋಯಿತು, ಮೋಡದ ಹೊಟ್ಟೆಗೆ ಹಳದಿ ಚುಕ್ಕೆ, ಬಾ, ಬಾ, ಇನ್ನೂ ಬಾ, ದಪ್.

ಕೆಸರಿನಲ್ಲಿ. ನೀರಿನ ಅಂಚಿಗೆ ಗೇಣಿನಷ್ಟು ಈಚೆ. ಮುಟ್ಟಿಲ್ಲ. ದಿಬ್ಬದ ಮೇಲಿನವರಿಗೆ ಈ ಜೇಕಿನ ಹುಲ್ಲು ಅಡ್ಡ, ಹಣ್ಣು ಕಾಣುವುದು ನನಗೊಬ್ಬನಿಗೆ, ನೀರಿಗೆ ಬಿತ್ತೇನೋ ಎಂದು ಅಣ್ಣ ಮೇಲಿಂದ ಕೇಳುತ್ತಿದ್ದಾನೆ, ನಾನು ಹುಡುಕುವವನ ಹಾಗೆ ಬಗ್ಗಿದ್ದೇನೆ, ಯಾಕೆ ಬಗ್ಗಿದೆನೋ ಗೊತ್ತಿಲ್ಲ, ಬೆನ್ನು ತಾನಾಗಿ ಬಗ್ಗಿತು, ನೀರು ಒಂದು ಸಲ ನಾಲಿಗೆ ಚಾಚಿ ಹಿಂದೆ ಸರಿಯಿತು, ಮತ್ತೆ ಚಾಚಿತು, ಮೊದಲಿಗಿಂತ ತುಸು ಹತ್ತಿರ. ಮುಟ್ಟುವುದು ಬೇಡ, ಸರಿಸುವುದು ಬೇಡ, ಸುಮ್ಮನೆ ಇನ್ನಷ್ಟು ಹುಡುಕಿದರೆ ಸಾಕು, ಕಾಕಾ ಬಂದು ನೋಡುವಷ್ಟರಲ್ಲಿ ನೀರೇ ಬಂದು ಹಣ್ಣು ಮುಟ್ಟಿರುತ್ತದೆ, ಎಷ್ಟೋ ಹಣ್ಣಿಗೆ ಎಷ್ಟೋ ಹೊತ್ತು ಹುಡುಕಿಲ್ಲವೇ, ಇದೂ ಒಂದು — ಗೆಂದ್ ಲಕೀರ್ ಪೋ ಹೈ ಸಾಬ್, ಗೋಲ್ ನಈಂ ಹುವಾ. ಲಾಡ್ಲೆಸಾಬ ಈಗ ಯಾಕೆ ನೆನಪಿಗೆ ಬಂದ, ಕರೆದವರು ಯಾರು, ಆಳಂದದ ಲಾಡ್ಲೆಸಾಬ, ನನ್ನ ಕೋಣೆಯ ಗೆಳೆಯ, ನಮ್ಮ ಕಾಲೇಜಿನ ಮುಂಚೂಣಿ ಆಟಗಾರ, ಕಡೆಯ ಪಂದ್ಯದ ಕಡೆಯ ಗಳಿಗೆಯಲ್ಲಿ ಹೊಡೆದ, ಮಳೆಯ ಕೆಸರಿನಲ್ಲಿ ಬಿಳಿ ಚೆಂಡು ಗೆರೆಯ ಮೇಲೆ ಅಂಟಿ ನಿಂತಿತು, ಸೀಟಿ ಊದಿಬಿಟ್ಟರು, ಗೋಲು, ನಾವೆಲ್ಲ ಟೊಪ್ಪಿಗೆ ಹಾರಿಸಿದೆವು, ಅವನೊಬ್ಬ ಕೈ ಎತ್ತಿ ನಿಂತ, ಚೆಂಡು ಗೆರೆಯ ಮೇಲೇ ಇದೆ, ಗೋಲು ಆಗಿಲ್ಲ ಸಾಬ್ ಎಂದ, ಸೋತೆವು. ಎಷ್ಟು ಸಿಟ್ಟು ಬಂದಿತ್ತು ನನಗೆ, ಊಟಕ್ಕೆ ಬೇರೆ ಕಡೆ ಕೂತೆ, ಬೆನ್ನು ತಿರುಗಿಸಿ ಮಲಗಿದೆ, ಕೊನೆಗೆ ತಡೆಯಲಾರದೆ ಕೇಳಿದೆ, ಯಾಕೋ ಹಂಗ ಮಾಡಿದಿ. ಅವನು ಬೂಟಿನ ಕೆಸರು ಕೆರೆಯುತ್ತ ತಲೆ ಎತ್ತದೆ ಹೇಳಿದ, ನೀನೂ ನೋಡಿದ್ದಿ ಹೌದಲ್ಲೋ ಬಸ್ಯಾ, ನಿನ್ನ ಕಣ್ಣು ನನಗ ಗೊತ್ತದ, ಮತ್ತ ಕೇಳ್ತಿ ಯಾಕ.

ನೋಡಿದ್ದೆ. ಇದನ್ನೂ ನೋಡಿದ್ದೇನೆ. ಬೇರೆ ಏನೂ ಬರದ ಮನುಷ್ಯ, ಕಂಡದ್ದನ್ನೂ ಕಾಣಲಿಲ್ಲ ಎಂದರೆ ಆಮೇಲೆ ನನ್ನ ಹತ್ತಿರ ಉಳಿಯುವುದೇನು, ಮೈದಾನದ ಅಂಚಿನಲ್ಲಿ ಯಾವ ಮುಖ ಇಟ್ಟುಕೊಂಡು ನಿಲ್ಲಲಿ — ಕೈ ಎತ್ತಿದೆ. ಭಾರವಾಗಿತ್ತು ಕೈ, ಅಣ್ಣನ ಹೆಗಲಿನ ನೋವು ನನ್ನದಕ್ಕೆ ಬಂದ ಹಾಗೆ, ಆದರೂ ಎತ್ತಿದೆ, ಕೂಗಿಯೂ ಹೇಳಿದೆ, ಇಲ್ಲೇ ಅದ, ನೀರಿಗೆ ಮುಟ್ಟಿಲ್ಲ. ಅಣ್ಣ ಕೈಯನ್ನು ಜೋಲು ಬಿಟ್ಟು ನಿಂತ. ಲಾಲಸಾಬ ಕಾಕಾ ಇಳಿಯಲು ಒಂದು ಹೆಜ್ಜೆ ಇಟ್ಟರು, ಅಪ್ಪ ಅವರನ್ನು ದಾಟಿ ಮುಂದೆ ಬಂದ, ಬರುವವನೇ, ಯಾವಾಗಲೂ ಮುಂದೆ, ಇಕೋ ಬಂದ, ನಾಳೆ ಎಡೆಕುಂಟೆ, ನಾಡಿದ್ದು ಎಡೆಕುಂಟೆ, ಬರುತ್ತ ಬರುತ್ತ ಹೊಳೆಯನ್ನು ನೋಡಿದ, ಅಗಸರ ಬಂಡೆ ಇದ್ದ ಕಡೆ ನೋಡಿದ, ಬಂಡೆ ಇಲ್ಲ, ಆಮೇಲೆ ನನ್ನ ಕೈ ನೋಡಿದ, ಬಹಳ ಹೊತ್ತು ನೋಡಿದ. ತಡೀರಿ ಲಾಲಸಾಬ, ಅಂದ. ಕಾಲಿಗೆ ಮುಳ್ಳ ನೆಟ್ಟದ.

ಮತ್ತು ಕೂತ. ದಾರಿಯ ನಡುವೆ, ಕೆಸರಿನಲ್ಲಿ, ಅಪ್ಪ. ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿ ಅಂಗಾಲು ಸವರುತ್ತಿದ್ದಾನೆ, ಮುಳ್ಳು ಸಿಗುತ್ತಿಲ್ಲ, ಕಾಕಾ ಅವನ ಭುಜಕ್ಕೆ ಕೈ ಊರಿ, ಸಾವಕಾಶ ತೆಗೀರಿ, ಅವಸರೇನದ, ಎನ್ನುತ್ತಿದ್ದಾರೆ, ನಾನು ಕೈ ಇಳಿಸಿಲ್ಲ, ಇಳಿಸುವಂತಿಲ್ಲ, ಕಣ್ಣು ಮಂಜಾಗಿದೆ, ಆದರೂ ಕಾಣುತ್ತದೆ, ಕರಿ ಕೆಸರು, ಕೆಂಪು ನೀರು, ನಡುವೆ ಹಳದಿ, ನಾಲ್ಕು ಬೆರಳು, ಮೂರು, ಅಪ್ಪ ಇನ್ನೂ ಹುಡುಕುತ್ತಿದ್ದಾನೆ, ನೀರು ಬಂತು, ಹೋಯಿತು, ಬಂತು, ಹಳದಿ, ಹಳದಿ ಒಮ್ಮೆ ಅಲುಗಿತು.