ಹಳೇ ಕೋಡಿನವಳು

ಮಿರ್ಯಾಳ ಕೋಣೆಗೆ ಕಿಟಕಿ ಇರಲಿಲ್ಲ. ಹಿಂದೆ ಅದು ಪೊರಕೆ, ಬಕೆಟ್ಟು ಇಡುತ್ತಿದ್ದ ಜಾಗ. ಗೋಡೆಯ ಆಚೆ, ಇಡೀ ಕಟ್ಟಡಕ್ಕೆ ಗಾಳಿ ಊದುವ ಯಂತ್ರ ದಿನವಿಡೀ ಗುಂಯ್‌ಗುಡುತ್ತಿತ್ತು. ಚಳಿಗಾಲ ಬಂತೆಂದರೆ ಅವಳು ಬೆರಳ ತುದಿ ಕತ್ತರಿಸಿದ ಉಣ್ಣೆಯ ಕೈಗವಸು ಹಾಕಿಕೊಂಡು ಕೀಲಿಮಣೆ ಒತ್ತುತ್ತಿದ್ದಳು. ಬಲಗೈಯ ಮಣಿಕಟ್ಟು ಊದಿಕೊಂಡು, ಸಂಜೆಯ ಹೊತ್ತಿಗೆ ಕಾಫಿ ಲೋಟ ಎತ್ತಲೂ ಆಗುತ್ತಿರಲಿಲ್ಲ. ತಾಂಪೆರೆ ಪಟ್ಟಣದ ಆ ಕಟ್ಟಡ ಮೊದಲು ಬಟ್ಟೆ ಗಿರಣಿಯಾಗಿತ್ತು. ಅವಳ ತಾಯಿ ಅಲ್ಲೇ ಮಗ್ಗದ ಮುಂದೆ ನಿಂತೂ ನಿಂತೂ ಕಿವುಡಿಯಾಗಿದ್ದಳು. ಈಗ ಅಲ್ಲಿ ಮಗ್ಗಗಳಿಲ್ಲ, ಸದ್ದಿಲ್ಲದ ಕಂಪ್ಯೂಟರುಗಳಿವೆ. ಸವೆಯುವುದು ಮಾತ್ರ ನಿಂತಿಲ್ಲ.

ಕೊಯ್ವುರಾಂತ ಎಂಬ ಊರಿನ ನರ್ಸುಗಳು ಬೆಳಗ್ಗೆ ಎದ್ದು ತಮ್ಮ ಫೋನಿನಲ್ಲಿ ಒಂದು ವೆಬ್ ಪುಟ ತೆರೆಯುತ್ತಾರೆ. ಇವತ್ತು ಯಾವ ಮುದುಕರ ಮನೆಗೆ ಹೋಗಬೇಕು, ಯಾರಿಗೆ ಯಾವ ಮಾತ್ರೆ, ಯಾರಿಗೆ ಇನ್ಸುಲಿನ್ ಚುಚ್ಚಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಆ ಪುಟದ ಹಿಂದಿನ ಯಂತ್ರವನ್ನು ಇಷ್ಟು ವರ್ಷ ಕೆಡದಂತೆ ಕಾದವಳು ಮಿರ್ಯಾ. ಬಂದ ತಕ್ಷಣ ಹಿಂದಿನ ದಿನದ ತಪ್ಪುಗಳ ದಾಖಲೆ ಓದುವಳು. ಹೊರಗಿನವರು ಬರೆದುಕೊಟ್ಟ ಕೋಡಿನ ತುಂಡುಗಳಿಗೆ ಹೊಸ ಆವೃತ್ತಿ ಬಂದರೆ ಒಂದೊಂದಾಗಿ ಬದಲಾಯಿಸುವಳು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಕೆಟ್ಟಿತೆಂದು ಹುಡುಕುವುದರಲ್ಲೇ ವಾರ ಕಳೆಯುತ್ತದೆ. ಏನನ್ನೇ ಮುಟ್ಟುವ ಮೊದಲೂ ನಕಲು ತೆಗೆದಿಡುವಳು. ಆ ನಕಲನ್ನು ಬೇರೊಂದು ಸರ್ವರಿನಲ್ಲಿ ತೆರೆದು ಓಡುತ್ತದೋ ಇಲ್ಲವೋ ನೋಡುವಳು. ತೆರೆದು ನೋಡದ ನಕಲನ್ನು ಅವಳು ನಂಬುತ್ತಿರಲಿಲ್ಲ.

ಎಲ್ಲ ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದ್ದಕ್ಕೆ ಯಾರು ಶಭಾಷ್ ಅಂತಾರೆ?

ಧಣಿಯ ಹೆಸರು ಇಲ್ಪೊ. ಎಲ್ಲರೂ ಅವನನ್ನು 'ನೀನು' ಎಂದೇ ಮಾತಾಡಿಸುತ್ತಿದ್ದರು. ಹಾಗೆಂದು ಯಾರೂ ಅವನಿಗೆ ಸಮ ಆಗಿರಲಿಲ್ಲ. ಪರೀಕ್ಷೆಗೆಂದು ಇದ್ದ ಆ ಎರಡನೇ ಸರ್ವರಿನ ಬಾಡಿಗೆ ದಂಡ ಎಂದು ಅವನು ಒಂದು ದಿನ ಅದನ್ನು ನಿಲ್ಲಿಸಿಬಿಟ್ಟ. ಮಿರ್ಯಾ ಬೇಡ ಅಂದಳು. ಇಲ್ಪೊ ಅವಳ ಭುಜ ತಟ್ಟಿ, "ನೀನಿರುವಾಗ ನಂಗೇನು ಭಯ?" ಅಂದ. ಆ ಮಾತಿಗೆ ಅವಳು ಉಬ್ಬಿಹೋದಳು. ಅಂಥ ಮಾತು ಅವಳಿಗೆ ಅಪರೂಪಕ್ಕೆ ಸಿಗುತ್ತಿತ್ತು.

ಆಮೇಲೆ ವೆನ್ಲಾ ಬಂದಳು.

ವೆನ್ಲಾಗೆ ಮೂವತ್ತು ತುಂಬಿರಲಿಲ್ಲ. ಹಳೆಯದನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಲು ಕರೆಸಿದ್ದ ಹುಡುಗಿ. ಅವಳಿಗೆ ನದಿಯ ಕಡೆಯ ಕೋಣೆ ಸಿಕ್ಕಿತು. ಎರಡು ಆಳು ಎತ್ತರದ ಕಿಟಕಿ, ಕೆಳಗೆ ನೊರೆಗಟ್ಟಿ ಬೀಳುವ ನೀರು, ಬೆನ್ನಿಗೆ ಒರಗುವ ಹೊಸ ಕುರ್ಚಿ. ಇಲ್ಪೊ ಬೆಳಗ್ಗೆ ಅವಳ ಮೇಜಿಗೆ ಏಲಕ್ಕಿ ಬನ್ನು ತಂದಿಡುತ್ತಿದ್ದ. ಊರಿನ ಪತ್ರಿಕೆಯವರು ಬಂದು ಫೋಟೋ ತೆಗೆದರು. 'ಮುದುಕರ ಆರೈಕೆಗೆ ಹೊಸ ಕೈ' ಎಂದು ಅಚ್ಚಾಯಿತು. ಮಿರ್ಯಾ ಆ ಪತ್ರಿಕೆಯನ್ನು ಮೀನಿನ ಸಿಪ್ಪೆ ಸುತ್ತಲು ಮನೆಗೆ ಒಯ್ದಳು. ಸುತ್ತುವ ಮೊದಲು ಎರಡು ಸಲ ಓದಿದಳು. ತನ್ನ ಹೆಸರು ಎಲ್ಲೂ ಇರಲಿಲ್ಲ.

ಅಂದಿನಿಂದ ವೆನ್ಲಾ ಬರೆದ ಪ್ರತಿ ಸಾಲನ್ನೂ ಅವಳು ಗುಟ್ಟಾಗಿ ಓದುತ್ತಿದ್ದಳು. ಕಲಿಯುವುದಕ್ಕಲ್ಲ, ತಪ್ಪು ಹಿಡಿಯುವುದಕ್ಕೆ. ಸಿಕ್ಕಿದ್ದು ಸಣ್ಣಪುಟ್ಟವು. ಹೆಚ್ಚಿನದು ಚೊಕ್ಕವಾಗಿತ್ತು. ತಾನು ಅಷ್ಟುದ್ದ ಎಳೆದಾಡಿದ ಕೆಲಸವನ್ನು ಈ ಹುಡುಗಿ ನಾಲ್ಕು ಸಾಲಿನಲ್ಲಿ ಮುಗಿಸಿದ್ದಳು. ಅಂಥದ್ದು ಕಂಡ ದಿನ ಮಿರ್ಯಾಳಿಗೆ ಊಟ ಸೇರುತ್ತಿರಲಿಲ್ಲ.

ಕೊಯ್ವುರಾಂತದ ನರ್ಸು ಸಿರ್ಕ್ಕು ಅವಳಿಗೆ ಹಳೇ ಪರಿಚಯ. ಏನು ಕೆಟ್ಟರೂ ನೇರ ಮಿರ್ಯಾಳಿಗೇ ಫೋನು ಮಾಡುವವಳು. ಒಂದು ದಿನ ಅವಳೂ ಹೊಸ ಪುಟದ ಮಾದರಿ ನೋಡಿ ಹೊಗಳಿದಳು. "ನಿಂದು ತೆರ್ಕೊಳ್ಳೋ ಅಷ್ಟೊತ್ಗೆ ನಾನು ಕಾರಿಂದ ಇಳ್ದು ಬಾಗ್ಲಿಗೆ ಹೋಗಿರ್ತಿದ್ದೆ ಕಣೆ. ಇದು ಹಂಗಲ್ಲ, ಮುಟ್ಟಿದ್ರೆ ಸಾಕು ಬರ್ತದೆ." ಮಿರ್ಯಾ ಒಳ್ಳೇದಾಯ್ತು ಅಂದು ಫೋನಿಟ್ಟಳು. ಎಷ್ಟೋ ಹೊತ್ತು ಆ ಫೋನನ್ನೇ ದುರುಗುಟ್ಟಿ ನೋಡಿದಳು.

ಹೊಸದನ್ನು ಜೂನ್ ಕೊನೆಯ ನಡುಬೇಸಿಗೆಯ ಹಬ್ಬದ ಹಿಂದಿನ ದಿನವೇ ಚಾಲೂ ಮಾಡುತ್ತೇವೆಂದು ಇಲ್ಪೊ ಕೊಯ್ವುರಾಂತದವರಿಗೆ ಮಾತು ಕೊಟ್ಟ. ಹಬ್ಬಕ್ಕೆ ಊರಿಗೆ ಊರೇ ಕೆರೆದಂಡೆಯ ಗುಡಿಸಲು ಸೇರುತ್ತದೆ. ರಜೆಯ ಹಿಂದಿನ ದಿನ ಇಂಥದ್ದನ್ನು ಮುಟ್ಟಬಾರದು ಎಂದು ಮಿರ್ಯಾ ಹೇಳಿದಳು. ಪರೀಕ್ಷೆಯ ಸರ್ವರು ಮತ್ತೆ ಬೇಕು, ನಿಜವಾದ ದಾಖಲೆಗಳನ್ನು ಅದರಲ್ಲಿ ಹಾಕಿ ವಾರ ಓಡಿಸಿ ನೋಡಬೇಕು, ಕೆಟ್ಟರೆ ಹಳೆಯದಕ್ಕೆ ವಾಪಸು ಬರುವ ದಾರಿ ಇಟ್ಟುಕೊಳ್ಳಬೇಕು ಎಂದಳು.

ಇಲ್ಪೊ ನಕ್ಕ. "ವೆನ್ಲಾಗೆ ಅದ್ಯಾವುದೂ ಬೇಡ್ವಂತೆ. ನೀನ್ಯಾಕೆ ಹೆದರ್ತೀಯ?"

ಆ ಮಾತು ಮಿರ್ಯಾಳಿಗೆ ನಾಟಿತು. ಬೇಡವಂತೆ! ಅಷ್ಟು ಸೊಕ್ಕು. ಅವಳು ವೆನ್ಲಾಳ ಕೋಣೆಗೆ ಹೋಗಿ ಕೇಳಬಹುದಿತ್ತು. ನಡುವೆ ಇದ್ದದ್ದು ಕಟ್ಟಡದೊಳಗಿನ ಒಂದು ಓಣಿ. ಹೋಗಲಿಲ್ಲ. ಆ ಕಿಟಕಿ, ಆ ಕುರ್ಚಿ ನೋಡುವುದು ಅವಳಿಗೆ ಬೇಕಿರಲಿಲ್ಲ.

ಹಬ್ಬದ ಮಾರನೆಯ ಬೆಳಗ್ಗೆ ಅವಳು ಅಕ್ಕನ ಗುಡಿಸಲ ಅಂಗಳದಲ್ಲಿ ಹೊಸ ಆಲೂಗೆಡ್ಡೆ ತೊಳೆಯುತ್ತಿದ್ದಾಗ ಸಿರ್ಕ್ಕು ಫೋನು ಮಾಡಿದಳು. ಎಂದಿನ ಕೀಟಲೆಯ ದನಿ ಇರಲಿಲ್ಲ. ಓಲಾವಿ ಎಂಬ ಮುದುಕ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದ. ಹಿಂದಿನ ಸಂಜೆ ಅವನಿಗೆ ಇನ್ಸುಲಿನ್ ಕೊಡಲು ಯಾರೂ ಹೋಗಿರಲಿಲ್ಲ, ಅದರ ಹಿಂದಿನ ಸಂಜೆಯೂ. ಹಬ್ಬಕ್ಕೆಂದು ಬಂದ ಬದಲಿ ಹುಡುಗಿಯರು ಫೋನು ತೋರಿಸಿದ ಮನೆಗಳಿಗೆ ಮಾತ್ರ ಹೋಗಿದ್ದರು. ಫೋನಿನಲ್ಲಿ ಅವನ ಸಂಜೆಯ ಭೇಟಿಯೇ ಇರಲಿಲ್ಲ. "ಅವನೊಬ್ಬಂದಲ್ಲ ಕಣೆ. ಯಾರ್‍ಯಾರ ಮನೆಗೆ ದಿನಕ್ಕೆ ಎರಡು ಸಲ ಹೋಗ್ಬೇಕೋ, ಅವ್ರೆಲ್ಲರ ಸಂಜೆ ಮಾಯ ಆಗೈತೆ."

ಮಿರ್ಯಾಳಿಗೆ ಮೊದಲು ಆದದ್ದು ಖುಷಿ. ಮುದುಕನ ಹೆಸರು ಕಿವಿಗೆ ಬಿದ್ದ ಮೇಲೂ ಅದು ಪೂರ್ತಿ ಹೋಗಲಿಲ್ಲ. ಆಲೂಗೆಡ್ಡೆಯ ನೀರನ್ನು ಚೆಲ್ಲಿ ಎದ್ದಾಗ ಅವಳ ಕಾಲುಗಳು ಹಗುರವಾಗಿದ್ದವು.

ಕಚೇರಿ ತಲುಪಿದಾಗ ವೆನ್ಲಾ ಆಗಲೇ ಅಲ್ಲಿದ್ದಳು. ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಇಬ್ಬರೂ ಅಕ್ಕಪಕ್ಕ ಕೂತು ಹುಡುಕಿದರು. ಮಿರ್ಯಾಳಿಗಿಂತ ಮುಂಚೆ ಇದ್ದವರ್‍ಯಾರೋ ದಿನದ ಎರಡನೇ ಸಲದ, ಸಂಜೆಯ ಭೇಟಿಗಳಿಗೆ ಬೇರೆ ಗುರುತು ಹಾಕಿದ್ದರು. ಹೊಸ ಕೋಡು ಆ ಗುರುತು ಅರ್ಥವಾಗದೆ ಆ ಭೇಟಿಗಳನ್ನೇ ಬಿಟ್ಟುಬಿಟ್ಟಿತ್ತು. ಮಿರ್ಯಾಳಿಗೂ ಅದು ಗೊತ್ತಿರಲಿಲ್ಲ. ನಿಜವಾದ ದಾಖಲೆಗಳ ಮೇಲೆ ಒಂದು ಸಂಜೆ ಓಡಿಸಿ ನೋಡಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಅವರು ಅದನ್ನು ಸರಿಪಡಿಸುವವರೆಗೆ ಸಿರ್ಕ್ಕು ಮತ್ತು ಹಬ್ಬ ಬಿಟ್ಟು ಓಡಿಬಂದ ಜೊತೆಯ ನರ್ಸುಗಳು ನೆನಪಿನ ಮೇಲೆಯೇ ಮನೆಮನೆಯ ಬಾಗಿಲು ತಟ್ಟಿದರು.

ಇಲ್ಪೊ ಸೋಮವಾರ ಬಂದ. ಮೈ ಬಿಸಿಲಿಗೆ ಕೆಂಪಾಗಿತ್ತು. ಮಿರ್ಯಾಳನ್ನು ಕರೆದು ಬಾಗಿಲು ಹಾಕಿಕೊಂಡ. ಕೊಯ್ವುರಾಂತದವರು ವಿವರಣೆ ಕೇಳಲು ಬರುತ್ತಾರೆ, ಹುಡುಗಿ ಅವಸರದಲ್ಲಿ ಎಡವಿದಳು ಎಂದು ನೀನು ಹೇಳಬೇಕು, ನೀನು ಹೇಳಿದರೆ ನಂಬುತ್ತಾರೆ ಎಂದ. ಆಮೇಲೆ ನದಿಯ ಕಡೆಯ ಕೋಣೆ ಅವಳದೇ. ಹೊಸ ಪುಟದ ಯಜಮಾನಿಕೆಯೂ ಅವಳದೇ.

ಅವಳು ಒಪ್ಪಿಕೊಂಡಳು. ಮನೆಗೆ ಹೋಗುತ್ತಾ ಆ ಕಿಟಕಿಗೆ ಎಂಥ ಪರದೆ ಹಾಕಲಿ ಎಂದು ಯೋಚಿಸಿದಳು.

ಮಾರನೆಯ ಮಧ್ಯಾಹ್ನ ನದಿದಂಡೆಯ ಮಾರುಕಟ್ಟೆಯಲ್ಲಿ ವೆನ್ಲಾ ಬೆಂಚಿನ ಮೇಲೆ ಒಬ್ಬಳೇ ಕೂತಿರುವುದು ಕಂಡಿತು. ಕಾಗದದ ಮೇಲೆ ಕಪ್ಪು ಸಾಸೇಜು, ಕೆಂಪು ಹಣ್ಣಿನ ಗೊಜ್ಜು. ತಿಂದಿರಲಿಲ್ಲ. ಒಂದು ಕೆನ್ನೆ ಊದಿತ್ತು. ಹೇಗಿದ್ದರೂ ಇನ್ನು ನಾಲ್ಕು ದಿನದವಳು ಎಂದುಕೊಂಡು ಮಿರ್ಯಾ ಪಕ್ಕದಲ್ಲಿ ಕೂತಳು.

ಹಲ್ಲು ನೋವಂತೆ, ವಸಂತದಿಂದಲೂ. ರಜೆ ಹಾಕಿ ತೋರಿಸಿಕೊಳ್ಳಬಾರದೇ ಎಂದು ಮಿರ್ಯಾ ಕೇಳಿದಳು.

"ರಜೆನಾ?" ವೆನ್ಲಾ ಅವಳನ್ನೇ ನೋಡಿದಳು. "ನಾನು ಅವನ ಕೆಲಸದವಳಲ್ಲ ಮಿರ್ಯಾ. ನೌಕರಿ ಕೊಡಲ್ಲ, ನಿನ್ನ ಹೆಸರಲ್ಲೇ ಒಂದು ಕಂಪನಿ ಮಾಡ್ಕೋ, ಬಿಲ್ ಕಳ್ಸು ಅಂದ. ಕೂತ ದಿನಕ್ಕೆ ಮಾತ್ರ ಕಾಸು. ರಜೆ ಇಲ್ಲ, ಕಾಯಿಲೆ ಬಿದ್ರೆ ಏನೂ ಇಲ್ಲ. ಈಗ ಆಗಿರೋ ನಷ್ಟನೂ ನನ್ನ ಕಂಪನೀದೇ ಅಂತೆ."

ಈ ಹುಡುಗಿ ತನ್ನ ಎರಡರಷ್ಟು ಸಂಬಳ ಎಣಿಸುತ್ತಿದ್ದಾಳೆ ಎಂದು ಮಿರ್ಯಾ ಅಂದುಕೊಂಡಿದ್ದಳು. ಅಷ್ಟಿದ್ದರೂ ಬಾಯಿಂದ ಬಂದದ್ದು ಕೊಂಕೇ. "ಪರೀಕ್ಷೆ ಸರ್ವರ್ ಬೇಡ ಅಂದೋಳು ನೀನೇ ತಾನೆ?"

"ನಾನ್ಯಾಕೆ ಬೇಡ ಅನ್ಲಿ? ಬಂದ ದಿನದಿಂದ ಕೇಳಿದೀನಿ. 'ಮಿರ್ಯಾ ಇಷ್ಟು ವರ್ಷ ಅದಿಲ್ದೆ ನಡ್ಸಿದಾಳೆ, ನಿಂಗೆ ಮಾತ್ರ ಬೇಕಾ' ಅಂದ. ನಿನ್ನ ಹತ್ರ ಕೇಳ್ಕೊಂಡು ಬರ್ತೀನಿ ಅಂದೆ. 'ಅವಳಿಗೆ ನಿನ್ನ ಮುಖ ಕಂಡ್ರಾಗಲ್ಲ, ಹೋಗ್ಬೇಡ' ಅಂದ." ವೆನ್ಲಾ ಕೆನ್ನೆ ಒತ್ತಿಕೊಂಡಳು. "ಆಗಲ್ಲ ಅನ್ನೋದು ನಂಗೂ ಕಾಣ್ತಿತ್ತು. ನಂಗೂ ನಿನ್ನ ಕಂಡ್ರೆ ಉರೀತಿತ್ತು. ನಿಂಗೆ ರಜೆ ಇದೆ. ನರ್ಸುಗಳೆಲ್ಲ ನಿಂಗೇ ಫೋನು ಮಾಡ್ತಾರೆ. ನಂಗೊಬ್ರೂ ಮಾಡಲ್ಲ."

ತನ್ನನ್ನು ಕಂಡು ಕರುಬುವವರೂ ಇದ್ದಾರೆಂದು ಮಿರ್ಯಾಳಿಗೆ ಅಂದೇ ತಿಳಿದದ್ದು. ಅವಳು ಇಲ್ಪೊನ ಲೆಕ್ಕವನ್ನು ಮನಸ್ಸಿನಲ್ಲೇ ಬಿಡಿಸಿದಳು. ಒಂದು ಸರ್ವರಿನ ಬಾಡಿಗೆ ಉಳಿಸಲು ಅವನು ಇಬ್ಬರ ನಡುವಿನ ಓಣಿಗೆ ಗೋಡೆ ಕಟ್ಟಿದ್ದ. ಗೋಡೆಗೆ ಇಟ್ಟಿಗೆ ಹೊತ್ತವಳು ತಾನೇ. ಆದರೂ ಎದ್ದು ಹೊರಡುವಾಗ ಆ ಹುಡುಗಿಯ ನುಣುಪಾದ, ಊತವಿಲ್ಲದ ಮಣಿಕಟ್ಟು ಕಣ್ಣಿಗೆ ಬಿದ್ದು, ಮಿರ್ಯಾ ತನ್ನ ಊದಿದ ಕೈಯನ್ನು ಜೇಬಿನೊಳಗೆ ತುರುಕಿಕೊಂಡಳು.

ವಿವರಣೆಯ ದಿನ ಕೊಯ್ವುರಾಂತದಿಂದ ಒಬ್ಬ ಅಧಿಕಾರಿ, ನರ್ಸುಗಳ ಪರವಾಗಿ ಸಿರ್ಕ್ಕು ಬಂದರು. ಇಲ್ಪೊ ದುಃಖದ ಮುಖ ಮಾಡಿಕೊಂಡು ಮಿರ್ಯಾಳ ಕಡೆ ಕೈ ತೋರಿದ. ಮಿರ್ಯಾ ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸರ್ವರು ನಿಲ್ಲಿಸಿದ್ದು ಯಾರು, ಅದನ್ನು ಇಬ್ಬರೂ ಬೇರೆಬೇರೆಯಾಗಿ ಕೇಳಿದ್ದು, ಹಬ್ಬದ ಹಿಂದಿನ ದಿನ ಬೇಡ ಅಂದದ್ದು, ಒಬ್ಬಳ ಹೆಸರು ಹೇಳಿ ಇನ್ನೊಬ್ಬಳಿಗೆ ಅವನು ಕೊಟ್ಟ ಉತ್ತರ.

ಇಲ್ಪೊ ಮರುಕದಿಂದ ತಲೆಯಾಡಿಸಿದ. "ಇದಕ್ಕೆಲ್ಲ ಬೆಲೆ ಕೊಡ್ಬೇಡಿ. ಹುಡುಗಿ ಬಂದಾಗಿಂದ ಇವಳಿಗೆ ಹೊಟ್ಟೆಕಿಚ್ಚು. ಆಫೀಸಿಗೆಲ್ಲ ಗೊತ್ತು."

ಮಿರ್ಯಾಳ ಕಿವಿ ಕೆಂಪಾಯಿತು. "ಹೌದು, ಹೊಟ್ಟೆಕಿಚ್ಚು ನಿಜ," ಅಂದಳು. "ಇವತ್ತೂ ಇದೆ. ಬರ್ಕೊಳ್ಳಿ. ಓಲಾವಿ ನನ್ನ ಹೊಟ್ಟೆಕಿಚ್ಚಿಂದ ಬಿದ್ದಿದ್ದಲ್ಲ. ಅದನ್ನೂ ಬರ್ಕೊಳ್ಳಿ."

ಆಗ ಸಿರ್ಕ್ಕು ತನ್ನ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟಳು. ಪರೀಕ್ಷೆ ಮಾಡಿ ನೋಡದ ಯಾವ ಪುಟವನ್ನೂ ಇನ್ನು ತಾವು ತೆರೆಯುವುದಿಲ್ಲ, ನರ್ಸುಗಳೆಲ್ಲ ಸೇರಿ ಹಾಗೆಂದು ಮಾತಾಡಿಕೊಂಡಿದ್ದೇವೆ ಎಂದಳು. ಅಧಿಕಾರಿ ವಕೀಲರನ್ನು ಕೇಳಿ ಹೇಳುತ್ತೇನೆ ಎಂದು ಎದ್ದ. ಪರೀಕ್ಷೆಯ ಸರ್ವರು ಅದೇ ವಾರ ಬಂತು, ವೆನ್ಲಾಳೂ ಉಳಿದಳು. ಓಲಾವಿ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಅವನ ಮಕ್ಕಳು ಬಂದು ಮನೆ ಖಾಲಿ ಮಾಡಿದರು. ಅದಕ್ಕೆ ಯಾರ ಮೇಲೂ ಕೇಸು ಆಗಲಿಲ್ಲ.

ಜುಲೈ ಕೊನೆಗೆ ಇಲ್ಪೊ ಮಿರ್ಯಾಳನ್ನು ಮತ್ತೆ ಕರೆದ. ಕಾಫಿ ಬಗ್ಗಿಸಿಕೊಟ್ಟ, ಬನ್ನು ಕೂಡ ಇಟ್ಟ. ಕೊಯ್ವುರಾಂತದವರ ವಕೀಲ ನಷ್ಟದ ಲೆಕ್ಕ ಕೇಳಲು ಬರುವವನಿದ್ದಾನೆ, ಅದಕ್ಕೆ ಮುಂಚೆ ನಿನಗೊಂದು ವಿಷಯ ಗೊತ್ತಿರಲಿ ಎಂದ. ನಿನ್ನೆ ವೆನ್ಲಾ ಬಂದಿದ್ದಳಂತೆ. ಮಿರ್ಯಾಳ ಕೈ ನಿಧಾನ, ವಯಸ್ಸಾಯಿತು, ಅವಳ ಕೆಲಸ ನನಗೇ ಕಾಯಂ ಆಗಿ ಕೊಡು, ಹಳೇದು ಹೊಸದು ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ ಎಂದಳಂತೆ. "ನಾನು ಆಗಲ್ಲ ಅಂದೆ. ನಿನ್ನ ಪರ ನಿಂತೆ. ವಕೀಲನ ಮುಂದೆ ನೀನೂ ಅದನ್ನ ನೆನಪಿಟ್ಕೋ."

ಕೈ ನಿಧಾನ. ಆ ಮಾತು ಮಿರ್ಯಾಳಿಗೆ ವೆನ್ಲಾಳ ದನಿಯಲ್ಲೇ ಕೇಳಿದಂತಾಯಿತು. ಅಂದಿದ್ದರೂ ಅಂದಿರಬಹುದು. ಕಿಟಕಿಯ ಕೋಣೆ, ನಾಲ್ಕು ಸಾಲಿನ ಕೋಡು, ಪತ್ರಿಕೆಯ ಫೋಟೋ ಎಲ್ಲ ಒಟ್ಟಿಗೆ ಮೇಲೆದ್ದು ಬಂದವು. ಕಾಫಿ ಮುಟ್ಟದೆ ಅವಳು ಎದ್ದಳು. ಬಾಗಿಲು ತೆರೆದು ಓಣಿಯಲ್ಲಿ ನಿಂತು ಕರೆದಳು.

"ವೆನ್ಲಾ, ಇಲ್ಲಿ ಬಾ."

ವೆನ್ಲಾ ಬಂದಳು. ಹೊಸ ಪುಟವನ್ನು ಪರೀಕ್ಷಿಸಲು ಬಂದಿದ್ದ ಸಿರ್ಕ್ಕು ಕೂಡ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು.

"ಇಲ್ಪೊ," ಅಂದಳು ಮಿರ್ಯಾ, "ಈಗ ಹೇಳಿದ್ಯಲ್ಲ, ಅದನ್ನ ಇವಳ ಎದುರಿಗೆ ಇನ್ನೊಂದು ಸಲ ಹೇಳು."

ಇಲ್ಪೊ ಕೈಗಡಿಯಾರ ನೋಡಿಕೊಂಡು, ತನಗೆ ಯಾರನ್ನೋ ಕಾಣಬೇಕಾಗಿದೆ ಎಂದು ಎದ್ದ. ಸಿರ್ಕ್ಕು ಬಾಗಿಲಿಂದ ಕದಲಲಿಲ್ಲ. ವೆನ್ಲಾ ಅವನ ಮುಖವನ್ನೂ ಮಿರ್ಯಾಳ ಮುಖವನ್ನೂ ನೋಡಿದಳು. ಆಮೇಲೆ ಒಂದು ಕುರ್ಚಿ ಎಳೆದು ಮಿರ್ಯಾಳಿಗೆ ಹಾಕಿ, ಇನ್ನೊಂದರಲ್ಲಿ ತಾನು ಕೂತಳು.

"ಹೇಳು," ಅಂದಳು. "ನಮಗೇನೂ ಅವಸರ ಇಲ್ಲ."