ಬಿಳಿ ಗುಡ್ಡದ ಪಾಠ

ಕರಿಹಲಗೆ ಒರೆಸುವಾಗ ಶೇಖರಮ್ಮ ದಿನವೂ ತನ್ನಷ್ಟಕ್ಕೆ ಒಂದು ಮಾತು ಒಪ್ಪಿಕೊಳ್ಳುತ್ತಿದ್ದಳು: ತಾನು ಕಲಿಸುವ ಪುಸ್ತಕದ ಅರ್ಧಕ್ಕರ್ಧ ತನಗೇ ತಿಳಿಯುವುದಿಲ್ಲ. ಒಪ್ಪಿಕೊಂಡಷ್ಟೇ ಬೇಗ ಅದನ್ನು ಅರಿವೆಯ ಸುಣ್ಣದ ಪುಡಿಯೊಂದಿಗೆ ಕೊಡವಿ ಮಕ್ಕಳ ಕಡೆ ತಿರುಗುತ್ತಿದ್ದಳು.

ತಾವರಗೇರಾದ ಆ ಹುಡುಗಿಯರ ಸಾಲಿಯಲ್ಲಿ ಪುಸ್ತಕವೆಲ್ಲ ಉರ್ದು. ನಿಜಾಮ ಸರಕಾರದ ಕಟ್ಟಳೆ ಹಾಗಿತ್ತು. ಮಕ್ಕಳ ಮನೆಮಾತು ಕನ್ನಡ, ಕಲಿಸುವ ಶೇಖರಮ್ಮನದೂ ಕನ್ನಡ. ಮದುವೆಯಾದ ವರ್ಷವೇ ಗಂಡ ತೀರಿಕೊಂಡ ಮೇಲೆ ಅವಳು ರಾಯಚೂರಿನ ಸೋದರಮಾವನ ಮನೆಯಲ್ಲಿದ್ದು ಓದಿದ್ದಳು. ಓದಿದ್ದಳು ಅಂದರೆ ಬಾಯಿಪಾಠ ಮಾಡಿದ್ದಳು. ಅಕ್ಷರ ಮುತ್ತಿನ ಹಾಗೆ, ಓದಿನಲ್ಲಿ ಒಂದು ತಡೆ ಇಲ್ಲ. ಅರ್ಥ ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಇಲ್ಲಿ ಒಬ್ಬಳಿದ್ದಳು. ಹತ್ತಿ ಬಿಡಿಸಲು ಹೋಗುವ ಹುಲಗೆಮ್ಮನ ಮಗಳು, ಗಾಳೆಮ್ಮ.

ಪುಸ್ತಕದಲ್ಲಿ ಗುಡ್ಡದ ಮೇಲೆ ಬಿಳಿಯದೇನೋ ಬೀಳುವ ಪಾಠವೊಂದಿತ್ತು. ಉಳಿದ ಹುಡುಗಿಯರು ತೂಗಾಡುತ್ತ ಒಂದೇ ಸಮನೆ ಒದರುತ್ತಿದ್ದಾಗ ಗಾಳೆಮ್ಮ ಎದ್ದು ನಿಂತಳು. ಬಿದ್ದದ್ದು ಏನು, ಯಾಕೆ ಬಿತ್ತು, ಬಿದ್ದ ಮೇಲೆ ಎಲ್ಲಿ ಹೋಯಿತು ಎಂದು ಕೇಳಿದಳು. ಮೊದಲು ಪಾಠ ಬಾಯಿಗೆ ಬರಲಿ ಅಂದಳು ಶೇಖರಮ್ಮ. ಮರುದಿನವೂ ಅದೇ ಪ್ರಶ್ನೆ. ಮೂಲೆಯಲ್ಲಿ ನಿಲ್ಲಿಸಿದಳು. ಮೂಲೆಯಿಂದಲೂ ಆ ಹುಡುಗಿ ನೋಡುತ್ತಲೇ ಇತ್ತು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬರೀ ಕಾಯುವುದಿತ್ತು. ಸಿಟ್ಟಾದರೂ ಇದ್ದಿದ್ದರೆ ಸಹಿಸಬಹುದಿತ್ತು.

ಮಕ್ಕಳನ್ನು ಮನೆಮನೆಗೆ ಹೋಗಿ ಕರೆತರುವ ರಾಜಾಬೀಗೆ ಉರ್ದು ಬರುತ್ತದಲ್ಲ ಎಂದು ಒಂದು ಮಧ್ಯಾಹ್ನ ಶೇಖರಮ್ಮ ಪಾಠವನ್ನು ಮೆಲ್ಲಗೆ ಓದಿ ಹೇಳಿದಳು. ರಾಜಾಬೀ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಇದು ನಮ್ಮ ಮನಿ ಮಾತಲ್ರೀ ಅಕ್ಕೋರ. ನಮ್ಮನ್ಯಾಗ ನಾ ಹಿಂಗ ಮಾತಾಡಿದ್ರ, ಸೊಸಿ ಮೈಯಾಗ ದೆವ್ವ ಹೊಕ್ಕೈತಿ ಅಂತಾಳ ನಮ್ಮತ್ತಿ."

ಗಂಡುಮಕ್ಕಳ ಸಾಲಿಯಿಂದ ಬಂದು ಈ ಸಾಲಿಯನ್ನೂ ನೋಡಿಕೊಳ್ಳುವ ದೊಡ್ಡ ಮಾಸ್ತರ ಅಂದಪ್ಪನವರನ್ನು ಕೇಳಲು ಶೇಖರಮ್ಮನಿಗೆ ಎರಡು ವಾರ ಹಿಡಿಯಿತು. ಅರ್ಥ ಕಟ್ಟಿಕೊಂಡು ಏನು ಮಾಡುತ್ತೀಯವ್ವ, ತಪಾಸಣೆಗೆ ಬರುವ ಸಾಹೇಬರು ಕೇಳುವುದು ಪಾಠ, ಅರ್ಥವನ್ನಲ್ಲ ಎಂದು ಅವರು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡರು. ಅವಳು ತಲೆಯಾಡಿಸಿ ಬಂದಳು. ಹೇಳಬೇಕಾದ ಉತ್ತರವೆಲ್ಲ ಮನೆಗೆ ಬಂದು ಒಲೆ ಊದುವಾಗ ಹೊಳೆಯಿತು, ಯಾವಾಗಲೂ ಹಾಗೆಯೇ. ಊದುಗೊಳವೆಯನ್ನು ನೆಲಕ್ಕೆ ಕುಕ್ಕಿದಳು. ಅಷ್ಟೇ ಅವಳಿಗೆ ಬರುತ್ತಿದ್ದ ಜಗಳ.

ತಪಾಸಣೆಗೆ ಮುಂಚೆ, ಪಾಠ ಒಪ್ಪಿಸದ ಆ ಹುಡುಗಿಯ ತಾಯಿಗೆ ಒಂದು ಮಾತು ಹೇಳಿ ಬಾ ಎಂದು ಅಂದಪ್ಪನವರು ಕಳಿಸಿದರು. ರಾಜಾಬೀಯನ್ನು ಕರೆದುಕೊಂಡು ಹೋದಳು. ಹುಲಗೆಮ್ಮ ಆಗಷ್ಟೇ ಹೊಲದಿಂದ ಬಂದಿದ್ದಳು, ತಲೆಗೂದಲಲ್ಲಿ ಹತ್ತಿಯ ಎಳೆ. ಅಕ್ಕೋರು ಮನೆಗೆ ಬಂದರೆಂದು ಗಡಬಡಿಸಿ ಕಂಬಳಿ ಹಾಸಿದಳು. ಮಗಳು ಪಾಠ ಒಪ್ಪಿಸುವುದಿಲ್ಲ ಎಂದು ಕೇಳಿ ಅವಳ ಮುಖ ಇಳಿಯಿತು. ಸಾಲಿ ಬಿಟ್ಟ ಮರುದಿನವೇ ಹೊಲಕ್ಕೆ ಹಚ್ಚುತ್ತೇನೆ, ಬೇಸಿಗೆಗೆ ಮದುವೆ ಮಾಡಿ ಕಳಿಸುತ್ತೇನೆ ಎಂದು ಗಂಡ ಮೊದಲಿನಿಂದಲೂ ಅನ್ನುತ್ತಿದ್ದನಂತೆ. ಅವನ ಕೂಡ ಜಗಳಾಡಿ ಕಳಿಸಿದ್ದಳಂತೆ.

"ಯಾಕಬೇ, ಯಾಕ ಒಪ್ಪಿಸಂಗಿಲ್ಲ?" ಎಂದು ಮಗಳನ್ನು ಎಳೆದು ನಿಲ್ಲಿಸಿದಳು.

"ಅದು ಏನಂತ ಅಕ್ಕೋರನ್ನ ಕೇಳೀನಿ. ಅವರು ಹೇಳವಲ್ರು."

ಹುಲಗೆಮ್ಮನ ಕೈ ಮಗಳ ಕೆನ್ನೆಗೆ ಬಿತ್ತು. "ಅಕ್ಕೋರಿಗೆ ಗೊತ್ತಿಲ್ಲದ್ದು ಇರ್ತೈತೇನ? ನಿನಗ ಕೇಳಾಕ ಬಂದಿಲ್ಲ."

ಗಾಳೆಮ್ಮ ಅಳಲಿಲ್ಲ. ಕೆನ್ನೆ ಹಿಡಿದುಕೊಂಡು ಶೇಖರಮ್ಮನನ್ನೇ ನೋಡಿತು. ಈಗಲಾದರೂ ಹೇಳಿಯಾಳು ಎಂಬಂತೆ. ಶೇಖರಮ್ಮ ಕಂಬಳಿಯ ಅಂಚು ಕೀಳುತ್ತ ಕೂತಳು. ಹೊಡೆಯಬೇಡ ಅಂದದ್ದು ರಾಜಾಬೀ. ಹೊರಡುವಾಗ ಹುಲಗೆಮ್ಮ ಕೈಮುಗಿದಳು. ಆ ಮುಗಿದ ಕೈ ದಾರಿಯುದ್ದಕ್ಕೂ ಶೇಖರಮ್ಮನ ಬೆನ್ನ ಹಿಂದೆಯೇ ಬಂದಂತಿತ್ತು.

ತಪಾಸಣೆಯ ದಿನ ಅಂಗಳಕ್ಕೆ ಸಗಣಿ ಸಾರಿಸಿ, ಸಾಹೇಬರಿಗೆ ಕುರ್ಚಿ ಹಾಕಿದರು. ಮಕ್ಕಳು ಬಿಳಿ ಗುಡ್ಡದ ಪಾಠವನ್ನು ಒಂದು ಮಾತು ತಪ್ಪದೆ ಒಪ್ಪಿಸಿದರು. ಸಾಹೇಬರು ತಲೆದೂಗಿದರು, ಈ ಸೀಮೆಯಲ್ಲಿ ಇಂಥ ಉರ್ದು ಕೇಳಿರಲಿಲ್ಲ ಎಂದರು. ಅಂದಪ್ಪನವರು ಅದನ್ನು ಕನ್ನಡದಲ್ಲಿ ಹೇಳಿ ಬೀಗಿದರು. ಶೇಖರಮ್ಮ ಸಾಲಾಗಿ ಕೂತ ಮುಖಗಳನ್ನು ನೋಡಿದಳು. ಇಷ್ಟೂ ಮಕ್ಕಳು ತನ್ನ ಹಾಗೆಯೇ ಆಗಿದ್ದರು, ಒಂದನ್ನು ಬಿಟ್ಟು.

ಆ ಒಂದರ ಸರದಿ ಬಂತು. ಗಾಳೆಮ್ಮ ಎದ್ದಳು. "ನನಗ ತಿಳಿದಿಲ್ರೀ," ಎಂದಳು. ಹುಡುಗಿಯರು ಕಿಸಕ್ಕನೆ ನಕ್ಕರು.

ಸಾಹೇಬರು ಉರ್ದುವಿನಲ್ಲಿ ಏನೋ ಕೇಳಿದರು. ಇಂಥ ದಡ್ಡಿಯನ್ನು ಇಟ್ಟುಕೊಂಡರೆ ಸಾಲಿಯ ಹೆಸರು ಕೆಡುತ್ತದೆ, ಪಟ್ಟಿಯಿಂದ ತೆಗೆಯಬಹುದಲ್ಲ ಎಂದು ಕೇಳುತ್ತಿದ್ದಾರೆ ಅಂತ ಅಂದಪ್ಪನವರು ಕನ್ನಡದಲ್ಲಿ ಹೇಳಿ, ಶೇಖರಮ್ಮನ ಕಡೆ ತಿರುಗಿದರು. "ಹೌದನ್ನವ್ವಾ. ಇವತ್ತ ಮುಗೀತೈತಿ."

ಹೌದು ಅನ್ನಲು ಬಾಯಿ ತೆರೆಯಬೇಕಾಗಿಯೂ ಇರಲಿಲ್ಲ. ಯಾವಾಗಲೂ ಮಾಡುವಂತೆ ತಲೆಯಾಡಿಸಿದರೆ ಸಾಕಿತ್ತು. ಗಾಳೆಮ್ಮ ಅವಳನ್ನೇ ನೋಡುತ್ತಿದ್ದಳು. ಅಂದು ಕೆನ್ನೆ ಹಿಡಿದುಕೊಂಡು ನೋಡಿದ ಹಾಗೆಯೇ. ಶೇಖರಮ್ಮನ ಕೈಯಲ್ಲಿ ಹಲಗೆಯ ಅರಿವೆ ಮುದ್ದೆಯಾಗಿತ್ತು. ಅವಳು ಅದನ್ನು ಮೇಜಿನ ಮೇಲಿಟ್ಟಳು.

"ಆಕಿ ದಡ್ಡಿ ಅಲ್ರೀ," ಎಂದಳು. "ಆ ಪಾಠ ನನಗ ತಿಳಿದಿಲ್ಲ."